ರಾಗಿ ಬೀಸುವ ಪದ ರೆಕಾರ್ಡ್ ಮಾಡುವಾಗ ದನಿ ಒಡೆಯದಂತೆ ನೋಡಿಕೊಳ್ಳುವುದು ಹೇಗೆ?

ಮಂಡ್ಯದ ಬಳಿಯ ಊರಿನಲ್ಲಿ ನಿಮ್ಮ ಅಜ್ಜಿ ಹಾಡುವ ಬೀಸುವ ಪದಗಳನ್ನು ರೆಕಾರ್ಡ್ ಮಾಡುತ್ತಿದ್ದೀರಿ. ಹಿಂದೆ ಗುಂಯ್ ಎನ್ನುವ ಸದ್ದು ಸೇರುತ್ತಿದೆ, ದನಿ ಏರಿದಲ್ಲೆಲ್ಲ ಕರಕರ ಒಡೆಯುತ್ತಿದೆ; ಸ್ಟುಡಿಯೋ ಇಲ್ಲದೆ ಆಗದೇ, ದುಬಾರಿ ಮೈಕ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಕೊಳ್ಳಬೇಡಿ. ಸ್ಟುಡಿಯೋ ಚಿಂತೆಯೂ ಬೇಡ. ನಮ್ಮ ಮೈಸೂರಿನ ಆಕಾಶವಾಣಿಯನ್ನೇ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆರಂಭಿಸಿದರು.

ಮೊದಲು ದನಿ ಒಡೆಯುವ ವಿಷಯ, ಏಕೆಂದರೆ ನಷ್ಟವಿರುವುದು ಅಲ್ಲಿಯೇ. ಡಿಜಿಟಲ್ ರೆಕಾರ್ಡಿಂಗ್‌ಗೆ ದನಿಯ ಮಟ್ಟ ಅಳೆಯುವ ಮೀಟರಿನ 0 ಡೆಸಿಬೆಲ್ ಕೊನೆಯ ಗೆರೆ. ಸೇರಿನ ಮೇಲೆ ಏರಿದ ರಾಗಿಯನ್ನು ಅಂಗೈಯಿಂದ ಸವರಿಬಿಟ್ಟ ಹಾಗೆ, ಗೆರೆ ದಾಟಿದ ದನಿಯ ತುದಿ ಕತ್ತರಿಸಿಹೋಗುತ್ತದೆ. ಚೆಲ್ಲಿದ ರಾಗಿಯನ್ನಾದರೂ ಬಳಿದುಕೊಳ್ಳಬಹುದು. ಕತ್ತರಿಸಿಹೋದ ದನಿಯನ್ನು ಯಾವ ಸಾಫ್ಟ್‌ವೇರೂ ಇದ್ದ ಹಾಗೆಯೇ ಮರಳಿಸಲಾರದು. ನಾನು ಇದನ್ನು ಕಲಿತದ್ದು ಒಬ್ಬ ಹಿರಿಯ ತಾಯಿಯ ಮುಂದೆ ಕುಳಿತು. ಅವರು ಮೆಲ್ಲಗೆ ಮಾತನಾಡುತ್ತಿದ್ದಾಗ ಮಟ್ಟ ಹೊಂದಿಸಿಬಿಟ್ಟೆ. ಮೂರನೆಯ ನುಡಿಯಲ್ಲಿ ತವರಿನ ಮಾತು ಬಂದದ್ದೇ ದನಿ ಮೇಲೇರಿತು, ಪೂರ್ತಿ ಹಾಳಾಯಿತು. ಮತ್ತೊಮ್ಮೆ ಹೋದಾಗ ಅವರಿಗೆ ಆ ನುಡಿ ನೆನಪಿಗೆ ಬರಲೇ ಇಲ್ಲ.

ಆದ್ದರಿಂದ ಅಜ್ಜಿಗೆ ಪದದ ಏರುದನಿಯ ಭಾಗವನ್ನೇ ಒಮ್ಮೆ ಹಾಡಲು ಹೇಳಿ. ಆಗ ಮೀಟರ್ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್, ಅಂದರೆ ಮೈಕಿನ ದನಿಯನ್ನು ಏರಿಸಿ ಇಳಿಸುವ ಹಿಡಿತ, ಇಳಿಸಿ. ಸಣ್ಣ ದನಿಯನ್ನೂ ನಯವಾಗಿ ಹಿಡಿಯುವ 24 ಬಿಟ್ ಆಯ್ಕೆಯಿದ್ದರೆ ಅದನ್ನೇ ಹಾಕಿ, ದನಿ ಸಣ್ಣದಾಯಿತೆಂದು ಹೆದರಬೇಕಿಲ್ಲ; ಆಮೇಲೆ ಏರಿಸಬಹುದು. ಮೊಬೈಲ್ ತಾನಾಗಿಯೇ ಮಟ್ಟ ಹೊಂದಿಸುವ ವ್ಯವಸ್ಥೆಯನ್ನು ನಿಲ್ಲಿಸಿ. ಇಲ್ಲದಿದ್ದರೆ ಅಜ್ಜಿ ಉಸಿರು ತೆಗೆದುಕೊಂಡಾಗಲೆಲ್ಲ ಫ್ಯಾನಿನ ಸದ್ದು ಉಬ್ಬಿಬರುತ್ತದೆ.

ಗುಂಯ್ ಸದ್ದು ಹೆಚ್ಚಾಗಿ ನಮ್ಮ ಮನೆಯ ಕರೆಂಟಿನದು. 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಕಂಪನ, ಅದರ ಜೊತೆಗೆ 100. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಅರ್ಧ ತೊಂದರೆ ಅಲ್ಲಿಗೇ ಮುಗಿಯಬಹುದು. ಮೈಕಿನ ವೈರು ಕರೆಂಟಿನ ವೈರಿನ ಪಕ್ಕದಲ್ಲೇ ಮಲಗಿರಬಾರದು. ಫ್ರಿಜ್ ಆರಿಸಿ, ಸ್ಕೂಟರಿನ ಕೀಲಿಯನ್ನು ಅದರೊಳಗೇ ಇಡಿ. ಹೊರಡುವಾಗ ಮತ್ತೆ ಹಾಕುವುದನ್ನು ಮರೆಯುವುದಿಲ್ಲ.

ಟೈಲ್ಸ್ ಹಾಕಿದ ಖಾಲಿ ಹಾಲಿನಲ್ಲಿ ಕೂರಿಸಬೇಡಿ, ದನಿ ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ರಾಗಿ ಮೂಟೆ, ಹಾಸಿಗೆ, ಕಂಬಳಿ ತುಂಬಿದ ಕೋಣೆಯೇ ಒಳ್ಳೆಯದು. ಮೈಕ್ ಬಾಯಿಯಿಂದ ಒಂದು ಗೇಣು ದೂರದಲ್ಲಿರಲಿ. ದೂರವನ್ನು ಅರ್ಧಕ್ಕೆ ಇಳಿಸಿದರೆ ನೇರ ಬರುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಆದರೆ ನೇರವಾಗಿ ತುಟಿಯ ಮುಂದೆ ಬೇಡ, ಕೊಂಚ ಓರೆಯಾಗಿಡಿ: ಪ, ಬ ಅಕ್ಷರಗಳ ಗಾಳಿ ಮೈಕಿಗೆ ಬಡಿದು ಡಬ್ ಎನ್ನುತ್ತದೆ.

ಇನ್ನು ಬೀಸುವ ಕಲ್ಲು. ಅದು ತಿರುಗಿದಾಗ ನೆಲ ನಡುಗಿ, ಸ್ಟ್ಯಾಂಡಿನ ಕಾಲಿನ ಮೂಲಕ ಗುಡುಗಿನಂಥ ಸದ್ದು ಮೈಕ್ ಸೇರುತ್ತದೆ. ಸ್ಟ್ಯಾಂಡಿನ ಕೆಳಗೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿ, 80 ಹರ್ಟ್ಸ್‌ನ ಲೋ ಕಟ್, ಅಂದರೆ ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಗುಂಡಿ, ಇದ್ದರೆ ಒತ್ತಿ. ಅಷ್ಟು ಸಾಕು. ಕಲ್ಲಿನ ಗರಗರವನ್ನೇ ಇಲ್ಲವಾಗಿಸಲು ಹೋಗಬೇಡಿ, ಬಳೆ ತೆಗೆಯಿರಿ ಎಂದು ಅಜ್ಜಿಗೆ ಹೇಳಬೇಡಿ. ಆ ಪದ ಹುಟ್ಟಿದ್ದೇ ಕಲ್ಲಿನ ಲಯದಲ್ಲಿ. ಅದನ್ನು ನಾನು ಗದ್ದಲವೆಂದು ಎಣಿಸುವುದಿಲ್ಲ.

ಹಾಡು ಮುಗಿದ ಮೇಲೆ ಎಲ್ಲರೂ ಅರ್ಧ ನಿಮಿಷ ಸುಮ್ಮನೆ ಕುಳಿತು ಕೋಣೆಯ ಬರಿಯ ಮೌನವನ್ನೂ ರೆಕಾರ್ಡ್ ಮಾಡಿ. ಉಳಿದ ಗುಂಯ್ ಸದ್ದನ್ನು ತಗ್ಗಿಸಲು ಸಾಫ್ಟ್‌ವೇರಿಗೆ ಅದೇ ಮಾದರಿ. ಅಜ್ಜಿ ಕಲ್ಲಿನ ಮುಂದಿನಿಂದ ಏಳುವ ಮೊದಲೇ ಇಯರ್‌ಫೋನ್ ಹಾಕಿಕೊಂಡು ಏರುದನಿಯ ಆ ನುಡಿಯನ್ನು ಕೇಳಿ ನೋಡಿ. ಒಡೆದಿದ್ದರೆ ಅಲ್ಲೇ ಇನ್ನೊಂದು ಹಿಡಿ ರಾಗಿ ಹಾಕಿ, ಮತ್ತೊಮ್ಮೆ ಹಾಡಿಸಿ.