ದಿಬ್ಬಣದ ರೈಲಿಗೆ ದಾರಿ ಬಿಡಿ, ಮೇಷ್ಟ್ರೇ

ಓದುಗರ ಪತ್ರ: "ಐನೂರರಷ್ಟು ಯುವಕ ಯುವತಿಯರು ಇಡೀ ರೈಲೊಂದನ್ನು ಬಾಡಿಗೆಗೆ ಹಿಡಿದು ದೇಶ ಸುತ್ತುವ ಯಾತ್ರೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಹೊಗಳಿ ಬರೆದಿದ್ದೀರಿ. ನನಗೆ ಅದು ಸರಿ ಕಾಣಲಿಲ್ಲ. ಮನೆಯವರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಲು ನನಗೆ ಎರಡು ಬರ್ತ್ ಸಿಗಲಿಲ್ಲ. ಜನರಲ್ ಬೋಗಿಯಲ್ಲಿ ನಿಂತು ಹೋದೆವು. ಮದುವೆ ದಿಬ್ಬಣಕ್ಕೆ ಬಸ್ಸು ಮಾಡಿಕೊಂಡ ಹಾಗೆ ರೈಲು ಮಾಡಿಕೊಳ್ಳುವುದೆಂದರೇನು? ರೈಲು ಸಾರ್ವಜನಿಕರ ಆಸ್ತಿಯಲ್ಲವೇ?"
– ನಿವೃತ್ತ ಶಿಕ್ಷಕರು, ಸಕಲೇಶಪುರ

ಮೇಷ್ಟ್ರೇ, ನಮಸ್ಕಾರ. ಮೊದಲು ನಿಮ್ಮ ಮನೆಯವರು ಹೇಗಿದ್ದಾರೆ ತಿಳಿಸಿ. ಕಾಯಿಲೆಯವರನ್ನು ಕರೆದುಕೊಂಡು ಜನರಲ್ ಬೋಗಿಯ ಬಾಗಿಲ ಬಳಿ ನಿಂತು ಹೋದ ನೋವು ನಿಮ್ಮ ಅಕ್ಷರಗಳಲ್ಲೇ ಕಾಣುತ್ತಿತ್ತು. ಆ ಸಿಟ್ಟು ನ್ಯಾಯವಾದದ್ದು. ಅದು ಹೋಗಿ ಬಿದ್ದಿರುವ ಜಾಗ ಮಾತ್ರ ತಪ್ಪು.

ಆ ಜಾಗೃತಿ ಯಾತ್ರೆಯ ಹುಡುಗರು ನಿಮ್ಮ ಬರ್ತನ್ನು ಕಿತ್ತುಕೊಂಡಿಲ್ಲ. ಇಡೀ ರೈಲು ಬೇಕೆನ್ನುವವರು ನಾವು ನೀವು ಹತ್ತುವ ರೈಲಿನ ಟಿಕೆಟ್‌ಗಳನ್ನು ಸಗಟಾಗಿ ಕೊಳ್ಳುವುದಿಲ್ಲ. ಅದಕ್ಕೆ ಐಆರ್‌ಸಿಟಿಸಿಯಲ್ಲಿ ಬೇರೆಯೇ ಬಾಗಿಲಿದೆ. ಹೊರಡುವುದಕ್ಕೆ ಆರು ತಿಂಗಳ ಮುಂಚಿನಿಂದ ಒಂದು ತಿಂಗಳ ಮುಂಚಿನವರೆಗೆ ಅರ್ಜಿ ಹಾಕಬಹುದು. ಬೋಗಿಯೊಂದಕ್ಕೆ 50,000 ರೂಪಾಯಿ ಠೇವಣಿ. ಪ್ರತ್ಯೇಕ ರೈಲಾದರೆ ಕನಿಷ್ಠ 18 ಬೋಗಿಗಳ ಲೆಕ್ಕ, ಅಂದರೆ ಒಂಬತ್ತು ಲಕ್ಷ ರೂಪಾಯಿ ಮುಂಗಡವಾಗಿಯೇ ಕಟ್ಟಬೇಕು. ಆಮೇಲೆ ಪೂರ್ತಿ ದರದ ಪ್ರಯಾಣ ಶುಲ್ಕ, ಬೋಗಿಗಳನ್ನು ಖಾಲಿಯಾಗಿ ತಂದು ಖಾಲಿಯಾಗಿ ಮರಳಿಸುವ ಓಟದ ಶುಲ್ಕ, ದಾರಿಯಲ್ಲಿ ನಿಲ್ಲಿಸಿಕೊಂಡ ಹೊತ್ತಿಗೆ ಇನ್ನೊಂದು ಶುಲ್ಕ. ರೈಲ್ವೆಗೆ ಇದರಿಂದ ನಷ್ಟವಿಲ್ಲ.

ನಿಮ್ಮ ಕಡೆಗೂ ಒಂದು ಮಾತು ಸಲ್ಲಬೇಕು. ಬೋಗಿಗಳು ಬೇರೆಯಾದರೂ ಹಳಿ ಅದೇ. ನಿಮ್ಮೂರಿನಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ ಇರುವುದು ಒಂಟಿ ಹಳಿ. ವಿಶೇಷ ರೈಲು ಬಂದರೆ ಯಾವುದೋ ನಿತ್ಯದ ರೈಲು ಕ್ರಾಸಿಂಗಿಗೆ ಕಾಯಲೇಬೇಕು. ನೀವು ಹೆದರುವಂಥ ಪದ್ಧತಿಯೂ ಜಗತ್ತಿನಲ್ಲಿ ಇಲ್ಲದಿಲ್ಲ. ಅಮೆರಿಕದಲ್ಲಿ 2014ರಿಂದ ಕೆಲವು ವರ್ಷ ಕಂಪ್ಯೂಟರ್ ಆಟ ತಯಾರಿಸುವವರು ಷಿಕಾಗೋದಿಂದ ಪಶ್ಚಿಮ ಕರಾವಳಿಗೆ ಸುಮಾರು 52 ಗಂಟೆ ಓಡುವ 'ಕ್ಯಾಲಿಫೋರ್ನಿಯಾ ಝೆಫರ್' ಎಂಬ ನಿತ್ಯದ ರೈಲಿನಲ್ಲೇ ಗುಂಪಾಗಿ ಹತ್ತಿ, ದಾರಿಯುದ್ದಕ್ಕೂ ಆಟಗಳನ್ನು ಕಟ್ಟುತ್ತಿದ್ದರು. ಅಂಥ ಕಡೆ ಬೇರೆ ಪ್ರಯಾಣಿಕರಿಗೆ ಜಾಗ ಕಡಿಮೆಯಾಯಿತೇ ಎಂದು ಕೇಳುವುದು ನ್ಯಾಯ. ಇಷ್ಟನ್ನು ಒಪ್ಪಿದ್ದೇನೆ. ಇದಕ್ಕಿಂತ ಮುಂದೆ ನಿಮ್ಮ ಜೊತೆ ಬರಲಾರೆ.

ದಿಬ್ಬಣದ ಬಸ್ಸಿನ ಮಾತೆತ್ತಿದಿರಲ್ಲ, ನೀವು ಹಂಗಿಸಲು ಹೇಳಿದ್ದನ್ನೇ ನಾನು ಆಧಾರವಾಗಿ ಹಿಡಿಯುತ್ತೇನೆ. ದಿಬ್ಬಣದ ಬಸ್ಸಿನಲ್ಲಿ ಯಾರೂ ಅಪರಿಚಿತರಾಗಿ ಉಳಿಯುವುದಿಲ್ಲ. ಅತ್ತ ಕಡೆಯ ನೆಂಟರೂ ಇತ್ತ ಕಡೆಯ ಗೆಳೆಯರೂ ಹೊರಡುವಾಗ ಬೇರೆ ಬೇರೆ ಸೀಟಿನಲ್ಲಿ ಬಿಗಿದುಕೊಂಡು ಕೂತಿರುತ್ತಾರೆ. ನಾಲ್ಕು ಊರು ದಾಟುವಷ್ಟರಲ್ಲಿ ಒಬ್ಬರ ಮಗು ಇನ್ನೊಬ್ಬರ ತೊಡೆಯ ಮೇಲಿರುತ್ತದೆ. ಅದನ್ನೇ ಹದಿನೈದು ದಿನಕ್ಕೆ, ಸಾವಿರಾರು ಕಿಲೋಮೀಟರಿಗೆ ಹಿಗ್ಗಿಸಿದರೆ ಏನಾಗಬಹುದು? ಜಾಗೃತಿ ಯಾತ್ರೆಯವರು 2008ರಿಂದ ಮಾಡುತ್ತಿರುವುದು ಅದನ್ನೇ. ಸ್ವಾತಂತ್ರ್ಯದ ಸುವರ್ಣ ವರ್ಷವಾದ 1997ರಲ್ಲಿ ಇಂಥದ್ದೇ ಒಂದು ರೈಲು ಯಾತ್ರೆ ನಡೆದಿತ್ತು. ಅದರ ಬೀಜ ಇಲ್ಲಿ ಮೊಳೆಯಿತು. ಸುಮಾರು 8,000 ಕಿಲೋಮೀಟರ್, ಹದಿನೈದು ದಿನ, ಒಂದೇ ರೈಲು. ಊರೂರಲ್ಲಿ ಇಳಿದು, ಏನನ್ನಾದರೂ ಕಟ್ಟಿ ನಿಲ್ಲಿಸಿದವರನ್ನು ಕಂಡು, ಮತ್ತೆ ಹತ್ತಿ ರಾತ್ರಿಯೆಲ್ಲ ಅದರ ಮೇಲೆ ವಾದ. ಹುಬ್ಬಳ್ಳಿಯೂ ಬೆಂಗಳೂರೂ ಅದರ ನಿಲುಗಡೆಗಳಾದದ್ದುಂಟು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲು ಬೀರೂರು, ಕಡೂರು, ಅರಸೀಕೆರೆಗಳನ್ನು ಹಾದೇ ಹೋಗಬೇಕು. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹುಡುಗರು ಅಂಥದ್ದೊಂದು ರೈಲು ಹಾದುಹೋಗುವುದನ್ನು ಪ್ಲಾಟ್‌ಫಾರಂನಲ್ಲಿ ನಿಂತು ನೋಡುವವರಾಗಿ ಉಳಿಯಬೇಕೇ, ಒಳಗಿರುವವರಾಗಬೇಕೇ?

ಇದು ಬರೀ ಮೋಜು ಎನ್ನುವವರಿದ್ದಾರೆ. ಗುಂಪಾಗಿ ರೈಲು ಹಿಡಿಯುವ ಚರಿತ್ರೆಯಲ್ಲಿ ಹೆಸರಾದ ಮೊದಮೊದಲ ಯಾತ್ರೆಯೊಂದು ಮದ್ಯಪಾನ ವಿರೋಧಿಗಳದ್ದು. 1841ರ ಜುಲೈ 5ರಂದು ಇಂಗ್ಲೆಂಡಿನ ಥಾಮಸ್ ಕುಕ್ ಎಂಬಾತ ಲೆಸ್ಟರಿನಿಂದ ಲಫ್‌ಬರೋಗೆ ಒಂದು ವಿಶೇಷ ರೈಲು ಹೊರಡಿಸಿದ. ತಲಾ ಒಂದು ಷಿಲ್ಲಿಂಗ್. ಸುಮಾರು ಐನೂರು ಜನ. ಅವರು ಹೊರಟದ್ದು ಕುಡಿತ ಬಿಡಿಸುವವರ ಸಭೆಗೆ. ದಾರಿ ಇಪ್ಪತ್ತು ಕಿಲೋಮೀಟರೂ ಇಲ್ಲ. ಆದರೆ ಊರು ಬಿಟ್ಟು ಹೊರಗೆ ಹೋಗಿ ಬರುವುದು ಉಳ್ಳವರಿಗೆ ಮಾತ್ರ ಎಂದಿದ್ದ ಕಾಲದಲ್ಲಿ, ಎಲ್ಲರೂ ಕೂಡಿ ಹೊರಟರೆ ಬಡವರಿಗೂ ಅದು ಕೈಗೆಟುಕುತ್ತದೆ ಎಂಬುದನ್ನು ಆ ರೈಲು ತೋರಿಸಿತು. 1970ರಲ್ಲಿ ಕೆನಡಾದಲ್ಲಿ ಹಾಡುಗಾರರ ಒಂದು ತಂಡವೇ ರೈಲು ಹಿಡಿದು ಟೊರಾಂಟೋದಿಂದ ಕ್ಯಾಲ್ಗರಿಯವರೆಗೆ ಊರೂರಲ್ಲಿ ಕಛೇರಿ ಕೊಡುತ್ತಾ ಹೋಯಿತು. ಅಲ್ಲಿ ಕುಡಿತಕ್ಕೆ ಕೊರತೆಯಿರಲಿಲ್ಲ, ನಿಜ. ಆದರೂ ಆ ಹಾಡುಗಾರರಲ್ಲಿ ಹಲವರು ಮುಂದೆ ನೆನೆದದ್ದು ವೇದಿಕೆಯನ್ನಲ್ಲ, ಬೋಗಿಯೊಳಗೆ ಬೆಳಗಿನವರೆಗೆ ಕೂಡಿ ಹಾಡಿದ್ದನ್ನು.

ಅಷ್ಟು ದೂರ ಹೋಗುವುದೇಕೆ? ನಮ್ಮ ರಾಜ್ಯ ಸರ್ಕಾರವೇ ಇಡೀ ರೈಲು ಹಿಡಿದಿದೆ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶಿ ಯಾತ್ರೆಯ ಭಾರತ್ ಗೌರವ್ ರೈಲು ಹೊರಟಿತು. ಅದನ್ನು ಹೊರಡಿಸಿದ್ದು ಮುಜರಾಯಿ ಇಲಾಖೆ. ಪ್ರತಿ ಯಾತ್ರಿಗೆ 5,000 ರೂಪಾಯಿ ಸಹಾಯಧನ. ಕಾಶಿ, ಅಯೋಧ್ಯೆ, ಪ್ರಯಾಗ. ನಮ್ಮ ಕಡೆಯವರಿಗೆ ಬೀರೂರಿನಲ್ಲೇ ಹತ್ತುವ ಅನುಕೂಲವಿತ್ತು. ಮಕ್ಕಳು ಕರೆದುಕೊಂಡು ಹೋಗಲಾರದ ಎಷ್ಟೋ ತಾಯಂದಿರು ಅಂಥ ರೈಲುಗಳಲ್ಲಿ ಗಂಗೆ ಕಂಡು ಬಂದಿದ್ದಾರೆ. ಒಂಟಿಯಾಗಿ ಹೋಗಲು ಅವರಿಗೆ ಧೈರ್ಯವಿರಲಿಲ್ಲ, ಟಿಕೆಟ್ ಮಾಡುವುದು ತಿಳಿದಿರಲಿಲ್ಲ, ಹಿಂದಿ ಬರುತ್ತಿರಲಿಲ್ಲ. ಜೊತೆಗೆ ಒಂದು ರೈಲು ತುಂಬ ಕನ್ನಡವಿತ್ತು, ಹೋಗಿ ಬಂದರು. ಈ ಯಾತ್ರೆಗೆ ತಕರಾರಿಲ್ಲದವರು ಹುಡುಗರ ಯಾತ್ರೆ ಎಂದೊಡನೆ ಹುಬ್ಬು ಗಂಟಿಕ್ಕುವುದೇಕೆ?

ನನಗೆ ಈ ವಿಷಯದಲ್ಲಿ ಇಷ್ಟೊಂದು ಕಾವು ಬರಲು ಕಾರಣವಿದೆ. ನಾನು ಹಾಸನದಲ್ಲಿ ಓದುತ್ತಿದ್ದಾಗ ಮಂಗಳೂರಿಗೆ ಇದ್ದದ್ದು ಮೀಟರ್ ಗೇಜ್ ರೈಲು. ಆ ದಾರಿ ಪೂರ್ತಿಯಾದದ್ದು 1979ರಲ್ಲಿ. ನಮ್ಮ ಶಾಲೆಯವರು ಒಂದು ಬೋಗಿಯನ್ನು ಪೂರ್ತಿ ಕಾದಿರಿಸಿ ಸುಬ್ರಹ್ಮಣ್ಯಕ್ಕೆ ಕರೆದೊಯ್ದರು. ದೋಣಿಗಲ್ ದಾಟಿದ ಮೇಲೆ ಸುರಂಗಗಳ ಎಣಿಕೆ ಶುರುವಾಯಿತು. ಒಟ್ಟು 57 ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಆದರೂ ಬೋಗಿಯ ಈ ತುದಿಯವರ ಲೆಕ್ಕ ಆ ತುದಿಯವರಿಗೆ ಹೊಂದಲಿಲ್ಲ, ಜಗಳವೋ ಜಗಳ. ಎಡಕುಮೇರಿಯಲ್ಲಿ ರೈಲು ನಿಂತಾಗ ಬುತ್ತಿ ಬಿಚ್ಚಿದೆವು. ಊರಿನಲ್ಲಿ ಒಂದೇ ಪಂಕ್ತಿಯಲ್ಲಿ ಕೂರದ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಒಬ್ಬರ ರೊಟ್ಟಿಗೆ ಇನ್ನೊಬ್ಬರ ಚಟ್ನಿ ಹಚ್ಚಿಕೊಂಡು ತಿಂದೆವು. ಯಾರೂ ಬೋಧನೆ ಮಾಡಲಿಲ್ಲ. ಎಲ್ಲರಿಗೂ ಹಸಿವಾಗಿತ್ತು, ಇದ್ದದ್ದು ಅಷ್ಟೇ ಜಾಗ.

1996ರಲ್ಲಿ ಗೇಜ್ ಬದಲಾವಣೆಗೆಂದು ಆ ದಾರಿ ಮುಚ್ಚಿತು. ಪ್ರಯಾಣಿಕರ ರೈಲು ಮತ್ತೆ ಘಾಟಿ ಇಳಿದದ್ದು 2007ರ ಡಿಸೆಂಬರಿನಲ್ಲಿ. ಆ ನಡುವೆ ಶಾಲೆ ಮುಗಿಸಿದ ಒಂದು ಇಡೀ ತಲೆಮಾರಿಗೆ ಶಿರಾಡಿಯೆಂದರೆ ಲಾರಿಗಳ ಸಾಲು, ಗುಂಡಿ, ವಾಂತಿ ಮಾತ್ರ. ದಾರಿ ತೆರೆದ ಮೇಲೂ ಶಾಲೆಗಳು ರೈಲಿಗೆ ಮರಳಲಿಲ್ಲ. ಪರಿಚಯದ ಮುಖ್ಯೋಪಾಧ್ಯಾಯರೊಬ್ಬರು ಹಂಪಿಗೆ ಒಂದು ಬೋಗಿ ಹಿಡಿಯೋಣವೆಂದು ಹೊರಟರು. ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ಅಧ್ಯಯನ ಪ್ರವಾಸಕ್ಕೆ ಎರಡನೇ ದರ್ಜೆಯಲ್ಲಿ ಮುಕ್ಕಾಲು ಭಾಗ ರಿಯಾಯಿತಿಯಿದೆ ಎಂದು ಓದಿಕೊಂಡಿದ್ದರು. ಆದರೆ ಬೋಗಿಯನ್ನೇ ಹಿಡಿಯುತ್ತೇವೆ ಎಂದರೆ ಪೂರ್ತಿ ದರ, ಯಾವ ರಿಯಾಯಿತಿಯೂ ನಡೆಯದು. ಹಾಸನದಲ್ಲಿ ಬೋಗಿ ಸಿದ್ಧವಿರುವುದಿಲ್ಲ, ತರಿಸುವ ಖಾಲಿ ಓಟದ ಹೊರೆಯೂ ಮಕ್ಕಳ ಮೇಲೆ. ಐವತ್ತು ಸಾವಿರದ ಠೇವಣಿಯ ಮಾತು ಕೇಳಿದಾಗ ಅವರು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಮಕ್ಕಳು ಖಾಸಗಿ ಬಸ್ಸಿನಲ್ಲಿ ಕಿವಿಗಡಚಿಕ್ಕುವ ಹಾಡಿನ ಜೊತೆ ಹೋಗಿಬಂದರು.

ಮೇಷ್ಟ್ರೇ, ನನ್ನ ತಕರಾರು ಇದು. ಗುಂಪಿಗೆ ರೈಲು ಕೊಡುತ್ತಾರೆಂಬುದಕ್ಕೆ ನೀವು ಸಿಟ್ಟಾದಿರಿ; ದುಡ್ಡಿರುವ ಗುಂಪಿಗೆ ಮಾತ್ರ ಕೊಡುತ್ತಾರೆಂಬುದಕ್ಕೆ ನಾನು ಸಿಟ್ಟಾಗಿದ್ದೇನೆ. ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ನಿಮ್ಮ ತಾಲ್ಲೂಕಿನ ತೋಟಗಳಿಗೆ ಬರುವವರನ್ನು ನೀವೇ ನೋಡಿದ್ದೀರಿ. ಅವರೂ ಗುಂಪಾಗಿಯೇ ಬರುತ್ತಾರೆ, ದಿನಗಟ್ಟಲೆ, ಜನರಲ್ ಬೋಗಿಯ ನೆಲದ ಮೇಲೆ, ಶೌಚಾಲಯದ ಬಾಗಿಲಿಗೆ ಒರಗಿ. 2020ರ ಮೇ ತಿಂಗಳಲ್ಲಿ ಶ್ರಮಿಕ ವಿಶೇಷ ರೈಲುಗಳನ್ನು ಓಡಿಸಿದಾಗ ಇಡೀ ರೈಲನ್ನು ಕೂಲಿಕಾರರಿಗಾಗಿಯೇ ಹೊರಡಿಸಲು ಸಾಧ್ಯವೆಂದು ದೇಶ ಕಂಡಿತು. ಆಪತ್ತಿನಲ್ಲಿ ಸಾಧ್ಯವಾದದ್ದು ಸುಗ್ಗಿಯಲ್ಲಿ ಏಕೆ ಸಾಧ್ಯವಿಲ್ಲ? ತೋಟದ ಮಾಲೀಕರು, ಕಾರ್ಮಿಕ ಇಲಾಖೆ, ರೈಲ್ವೆ ಮೂವರೂ ಕೂತರೆ ಕೊಯ್ಲಿಗೆ ಮುಂಚೆ ಒಂದು, ಮುಗಿದ ಮೇಲೆ ಒಂದು ರೈಲು ದೊಡ್ಡ ಮಾತೇ?

ಕೂಡಿ ಹೋಗುವುದನ್ನು ಬಿಟ್ಟದ್ದರ ಫಲ ಚಿಕ್ಕಮಗಳೂರಿನಲ್ಲಿ ಪ್ರತಿ ಶನಿವಾರ ಕಾಣುತ್ತದೆ. ಮುಳ್ಳಯ್ಯನಗಿರಿಯ ದಾರಿಯಲ್ಲಿ ಕಾರಿನ ಹಿಂದೆ ಕಾರು, ಒಂದೊಂದರಲ್ಲಿ ಇಬ್ಬರು ಮೂವರು. ಕೊನೆಗೆ 2025ರಲ್ಲಿ ಜಿಲ್ಲಾಡಳಿತ ವಾಹನಗಳಿಗೆ ಮಿತಿ ಹಾಕಿ ಮುಂಗಡ ನೋಂದಣಿ ಮಾಡಿಸಬೇಕಾಯಿತು. ಅದೇ ಊರಿಗೆ ಕಡೂರಿನಿಂದ 46 ಕಿಲೋಮೀಟರ್ ಹಳಿ ಹಾಕಿ, 2013ರ ನವೆಂಬರಿನಲ್ಲಿ ರೈಲು ಬಿಟ್ಟಿದ್ದೇವೆ. ಆ ನಿಲ್ದಾಣಕ್ಕೆ ದಿನಕ್ಕೆ ಬರುವ ರೈಲುಗಳು ಬೆರಳೆಣಿಕೆಯಷ್ಟು. ಬೆಂಗಳೂರಿನ ಕಚೇರಿಯೊಂದರ ಇಡೀ ಬಳಗ ಒಂದು ರೈಲು ಹಿಡಿದು ಅಲ್ಲಿ ಇಳಿದರೆ, ಅಷ್ಟು ಕಾರುಗಳು ಗಿರಿ ಹತ್ತುವುದು ತಪ್ಪುತ್ತದೆ. ಹಳೆಯ ಮಾದರಿಯ ಸ್ಲೀಪರ್ ಬೋಗಿಯೊಂದರಲ್ಲೇ 72 ಬರ್ತ್. ಎಷ್ಟು ಕಾರು ಉಳಿಯುತ್ತದೆಂದು ನೀವೇ ಲೆಕ್ಕ ಹಾಕಿ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಜಗತ್ತೆಲ್ಲ ಬಂದು ನೋಡಬೇಕಾದ ಬೇಲೂರಿಗೆ ಇವತ್ತಿಗೂ ರೈಲಿಲ್ಲ. ಚಿಕ್ಕಮಗಳೂರಿನಿಂದ ಅಲ್ಲಿಗೆ ಬರಬೇಕಾದ ಮಾರ್ಗದ ಕೆಲಸ ಇನ್ನೂ ಮುಗಿದಿಲ್ಲ.

ಶಿವರಾತ್ರಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ಕಂಡಾಗ ಮಾತ್ರ ನಮ್ಮ ಜನ ಒಟ್ಟಾಗಿ ಹೊರಡುವುದನ್ನು ಪೂರ್ತಿ ಮರೆತಿಲ್ಲ ಎಂದು ಧೈರ್ಯ ಬರುತ್ತದೆ. ದಾರಿಯುದ್ದಕ್ಕೂ ಊರವರು ಮಜ್ಜಿಗೆ, ಊಟ ಕೊಟ್ಟು ಕಳಿಸುತ್ತಾರೆ. ಅವರನ್ನು ಯಾರೂ ರಸ್ತೆ ಸಾರ್ವಜನಿಕ ಆಸ್ತಿಯಲ್ಲವೇ ಎಂದು ಕೇಳುವುದಿಲ್ಲ.

ನಿಮ್ಮ ಬರ್ತಿನ ವಿಷಯಕ್ಕೆ ಬರುತ್ತೇನೆ. 2017ರ ಮಾರ್ಚಿನಲ್ಲಿ ಶ್ರವಣಬೆಳಗೊಳದ ಮೇಲಿನ ನೇರ ಹಳಿ ತೆರೆದಾಗ ಅರಸೀಕೆರೆ ಸುತ್ತುವುದು ತಪ್ಪಿತೆಂದು ಹಾಸನ ಸಂಭ್ರಮಿಸಿತು. ದಾರಿ ಹತ್ತಿರವಾಯಿತು, ಜನ ಹೆಚ್ಚಾದರು, ಅದಕ್ಕೆ ತಕ್ಕಷ್ಟು ರೈಲು ಬರಲಿಲ್ಲ, ಜನರಲ್ ಬೋಗಿಯೂ ಸಾಲಲಿಲ್ಲ. ಅದಕ್ಕೂ ಮೇಲೆ, ನಿಮ್ಮ ವಯಸ್ಸಿನವರಿಗೆ ಇದ್ದ ರಿಯಾಯಿತಿಯನ್ನು, ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50, 2020ರ ಮಾರ್ಚಿನಲ್ಲಿ ಕೊರೊನಾ ಹೆಸರಿನಲ್ಲಿ ನಿಲ್ಲಿಸಿದರು. ಕೊರೊನಾ ಹೋಯಿತು, ರಿಯಾಯಿತಿ ಮರಳಲಿಲ್ಲ. ನಿಮ್ಮ ಸೀಟನ್ನೂ ನಿಮ್ಮ ದುಡ್ಡನ್ನೂ ಕಿತ್ತುಕೊಂಡದ್ದು ಈ ತೀರ್ಮಾನಗಳು. ಇಪ್ಪತ್ತರ ಹರೆಯದ ಹುಡುಗಿಯೊಬ್ಬಳು ದೇಶ ನೋಡಲು ಹೊರಟದ್ದಲ್ಲ.

ನಿಮ್ಮ ಅಕ್ಷರ ಮುತ್ತಿನಂತಿದೆ, ವಾದದಲ್ಲಿ ಬಿಗಿಯಿದೆ. ಅದನ್ನು ಹುಡುಗರ ಮೇಲೆ ಖರ್ಚು ಮಾಡಬೇಡಿ. ಮುಂದಿನ ಪತ್ರವನ್ನು ಮೈಸೂರಿನ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಬರೆಯಿರಿ. ಸಕಲೇಶಪುರದ ರಾತ್ರಿ ರೈಲುಗಳಿಗೆ ಇನ್ನೆರಡು ಬೋಗಿ ಕೇಳಿ, ಹಿರಿಯರ ರಿಯಾಯಿತಿ ಕೇಳಿ. ಸರ್ಕಾರಿ ಶಾಲೆಗಳು ಕೂಡಿ ಬೋಗಿ ಹಿಡಿದರೆ ಠೇವಣಿಯನ್ನೂ ಖಾಲಿ ಓಟದ ಶುಲ್ಕವನ್ನೂ ಬಿಟ್ಟುಕೊಡಿ ಎಂದು ನನ್ನ ಪರವಾಗಿಯೂ ಒಂದು ಸಾಲು ಸೇರಿಸಿ. ಆ ಪತ್ರದ ಒಂದು ಪ್ರತಿಯನ್ನು ನಮಗೆ ಕಳುಹಿಸಿಕೊಡಿ. ಅದನ್ನು ಪೂರ್ತಿಯಾಗಿ ಅಚ್ಚು ಹಾಕುತ್ತೇವೆ, ಕೆಳಗೆ ನನ್ನ ಸಹಿಯೂ ಇರುತ್ತದೆ.

– ಸಂಪಾದಕ