ಓದುಗರ ಪ್ರಶ್ನೆಗೆ ಉತ್ತರ: ಚಿತ್ರ ಹಂಚಿಕೊಳ್ಳಿ, ನೆಲೆ ಹೇಳಬೇಡಿ

ಪ್ರಶ್ನೆ: ಹನ್ನೆರಡು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಚಿತ್ರದುರ್ಗದ ಕೋಟೆ, ಜೋಗಿಮಟ್ಟಿ, ವಾಣಿವಿಲಾಸ ಸಾಗರ, ಸೂಳೆಕೆರೆ ಎಂದು ಕ್ಯಾಮೆರಾ ಹಿಡಿದು ಸುತ್ತುತ್ತಿದ್ದೇನೆ. ಚಿತ್ರಗಳನ್ನು ಅಂತರಜಾಲದಲ್ಲಿ ಒಂದೆಡೆ ಇಟ್ಟು ಹಂಚಿಕೊಳ್ಳುವ ಆಸೆಯಿದೆ. ಆದರೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದ ನನ್ನ ಕೋಟೆಯ ಚಿತ್ರವೊಂದು ಕಳೆದ ವರ್ಷ ನನ್ನ ಹೆಸರಿಲ್ಲದೆ ಕ್ಯಾಲೆಂಡರಿನಲ್ಲಿ ಅಚ್ಚಾಯಿತು. ಎಷ್ಟು ಚಿತ್ರ ಇಡಲಿ, ಹೇಗೆ ಕಾಪಾಡಿಕೊಳ್ಳಲಿ? ರಂಗಯ್ಯನದುರ್ಗದ ಕಾಡಿನಲ್ಲಿ ಸಿಕ್ಕ ಕೊಂಡುಕುರಿಯ ಚಿತ್ರವೂ ಇದೆ. ಎಲ್ಲಿ ಸಿಕ್ಕಿತೆಂದು ಎಲ್ಲರೂ ಕೇಳುತ್ತಾರೆ, ಹೇಳಬಹುದೇ?
– ಶಿಕ್ಷಕರೊಬ್ಬರು, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದವುಗಳಲ್ಲಿ ಎಡವಿದರೆ ನಷ್ಟ ನಿಮಗೆ, ಇದರಲ್ಲಿ ಎಡವಿದರೆ ಆ ಪ್ರಾಣಿಗೆ. ದಯವಿಟ್ಟು ಹೇಳಬೇಡಿ. ಜಗಳೂರು ತಾಲ್ಲೂಕಿನ ಆ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ್ದೇ ಕೊಂಡುಕುರಿಗಾಗಿ. ಅದು ಹಿಂಡು ಕಟ್ಟಿ ದೂರ ಅಲೆಯುವ ಪ್ರಾಣಿಯಲ್ಲ. ಒಂಟಿಯಾಗಿಯೋ ಜೋಡಿಯಾಗಿಯೋ ನೀರಿನ ಆಸುಪಾಸಿನಲ್ಲೇ ಇದ್ದು, ಹಿಕ್ಕೆ ಹಾಕುವುದಕ್ಕೂ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರುವುದರಿಂದ, ಅದರ ನೆಲೆಯನ್ನು ಒಮ್ಮೆ ತಿಳಿದುಕೊಂಡ ಬೇಟೆಗಾರನಿಗೆ ಮುಂದಿನ ಕೆಲಸ ಸುಲಭ. ಅಡಿಬರಹದಲ್ಲಿ ‘ಜಗಳೂರು ತಾಲ್ಲೂಕು’ ಎಂದಿದ್ದರೆ ಸಾಕು. ಅದರ ಬದಲು, ಗಂಡಿಗೆ ಮಾತ್ರ ನಾಲ್ಕು ಕೊಂಬುಗಳಿರುತ್ತವೆ, ಹಿಂದಿನ ಜೋಡಿ ಉದ್ದ, ಮುಂದಿನದು ಗಿಡ್ಡ ಎಂದು ಬರೆಯಿರಿ. ಮಕ್ಕಳು ಚಿತ್ರವನ್ನು ಮತ್ತೊಮ್ಮೆ ದಿಟ್ಟಿಸಿ ನೋಡುತ್ತಾರೆ.

ಬಾಯಿ ಮುಚ್ಚಿಕೊಂಡರೂ ಚಿತ್ರವೇ ಗುಟ್ಟು ಬಿಟ್ಟುಕೊಡಬಹುದು. ಮೊಬೈಲಿನಲ್ಲಿ ಲೊಕೇಶನ್ ಚಾಲೂ ಇದ್ದರೆ ಅಕ್ಷಾಂಶ, ರೇಖಾಂಶಗಳು ಫೈಲಿನೊಳಗೇ ದಾಖಲಾಗುತ್ತವೆ. ಹಂಚುವ ಮುನ್ನ ಅವನ್ನು ಅಳಿಸಿರಿ. ಹಿನ್ನೆಲೆಯನ್ನೂ ನೋಡಿಕೊಳ್ಳಿ. ನಮ್ಮ ಕಡೆಯ ಗುಡ್ಡಗಳಲ್ಲಿ ಒಂದೊಂದು ಬಂಡೆಗೂ ಒಂದೊಂದು ಮುಖವಿದೆ, ಕುರಿ ಮೇಯಿಸುವವರು ಬಂಡೆಯನ್ನು ನೋಡಿಯೇ ಜಾಗ ಹೇಳುತ್ತಾರೆ. ಅಂಥ ಗುರುತಿನ ಬಂಡೆಯಿದ್ದರೆ ಕ್ರಾಪ್ ಮಾಡಿ. ಮರಿಗಳಿರುವ ಗೂಡಿನ ಚಿತ್ರವನ್ನಂತೂ ಮರಿಗಳು ಹಾರಿಹೋಗುವವರೆಗೆ ಹಾಕಲೇಬೇಡಿ.

ಎಷ್ಟು ಚಿತ್ರ ಎಂಬುದಕ್ಕೆ ನನ್ನ ಅಭಿಪ್ರಾಯ: ನಲವತ್ತು ದಾಟಬೇಡಿ. ಜೋಗಿಮಟ್ಟಿಯಲ್ಲಿ ಒಂದು ಮುಂಜಾನೆ ನಾನು ತೆಗೆದ ಅರವತ್ತು ಚಿತ್ರಗಳಲ್ಲಿ ಐವತ್ತೊಂಬತ್ತು ಬರೀ ಮಂಜು. ಒಂದರಲ್ಲಿ ಮಾತ್ರ ಗಾಳಿಯಂತ್ರದ ರೆಕ್ಕೆಯ ತುದಿಯೊಂದು ಮಂಜಿನಿಂದ ಮೇಲೆದ್ದು ಬಿಸಿಲು ಹಿಡಿದಿತ್ತು. ಆ ಒಂದನ್ನೇ ಉಳಿಸಿಕೊಂಡೆ. ಒನಕೆ ಓಬವ್ವನ ಕಿಂಡಿಯ ಚಿತ್ರ ಎಲ್ಲರ ಬಳಿಯೂ ಇದೆ. ನಿಮ್ಮದರಲ್ಲಿ ಬೇರೆಯವರು ಕಾಣದ್ದು ಇದ್ದರೆ ಮಾತ್ರ ಇಡಿ.

ಇನ್ನು ಕ್ಯಾಲೆಂಡರಿನ ವಿಚಾರ. ನಿಮಗಾದ ನೋವು ನ್ಯಾಯವಾದದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಹುಟ್ಟುವುದಕ್ಕೆ ನೋಂದಣಿ ಬೇಕಿಲ್ಲ; ನಿಮಗಾಗಿ ನೀವೇ ತೆಗೆದ ಚಿತ್ರದ ಹಕ್ಕು ನಿಮ್ಮದೇ, ನೀವು ಬದುಕಿರುವವರೆಗೂ, ಆಮೇಲೆ ಇನ್ನೂ 60 ವರ್ಷವೂ ಅದು ಉಳಿಯುತ್ತದೆ. ತೆಗೆದವರು ತಾವೆಂದು ಹೆಸರು ಕೇಳುವ ಹಕ್ಕೂ ಅದರಲ್ಲೇ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದ್ದು ಕುಗ್ಗಿದ ಪ್ರತಿ, ದೊಡ್ಡ ಮೂಲ ಫೈಲು ನಿಮ್ಮಲ್ಲಿದೆ. ಅದನ್ನು ಪುರಾವೆಯಾಗಿ ಇಟ್ಟುಕೊಂಡು ಅಚ್ಚು ಹಾಕಿಸಿದವರಿಗೆ ಲಿಖಿತವಾಗಿ ಕೇಳಿ.

ಮುಂದಕ್ಕೆ ಹಂಚುವಾಗ ಉದ್ದನೆಯ ಬದಿ 2,048 ಪಿಕ್ಸೆಲ್ ಇರುವ ಪ್ರತಿಯನ್ನಷ್ಟೇ ಹಾಕಿ. ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ ಕ್ಯಾಮೆರಾದ 6,000 ಪಿಕ್ಸೆಲ್ ಅಗಲದ ಮೂಲ ಚಿತ್ರ, ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 20 ಇಂಚು ಅಚ್ಚಾಗುತ್ತದೆ. ಕುಗ್ಗಿಸಿದ್ದು 7 ಇಂಚನ್ನೂ ಮುಟ್ಟುವುದಿಲ್ಲ, ಪರದೆಯ ಮೇಲೆ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಹೆಸರನ್ನು ಮೂಲೆಯಲ್ಲಿ ಸಣ್ಣದಾಗಿ ಹಾಕಿ. ಆಕಾಶದ ನಡುವೆ ಅಡ್ಡಲಾಗಿ ಹೆಸರು ಬರೆದ ಚಿತ್ರವನ್ನು ಯಾರೂ ಕದಿಯುವುದಿಲ್ಲ ನಿಜ, ಯಾರೂ ನೋಡುವುದೂ ಇಲ್ಲ.

ಪ್ರಶ್ನೆ: ಸ್ಟುಡಿಯೋ ನಡೆಸುತ್ತೇನೆ. ಮದುವೆಗೆ ಮುನ್ನ ಜೋಡಿಗಳು ಹಣ ಕೊಟ್ಟು ಚಂದ್ರವಳ್ಳಿಯಲ್ಲಿ ತೆಗೆಸಿಕೊಂಡ ಚಿತ್ರಗಳನ್ನು ನನ್ನ ಪ್ರವಾಸದ ಚಿತ್ರಗಳ ಜೊತೆ ಪ್ರದರ್ಶಿಸಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ಕೇಳದೆ ಬೇಡ. ಹಣ ಕೊಟ್ಟು ತೆಗೆಸಿಕೊಂಡ ಛಾಯಾಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿಕೊಂಡವರದು. ಮುಂಗಡ ಪಡೆಯುವ ರಸೀದಿಯಲ್ಲೇ ಒಪ್ಪಿಗೆಯ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಳ್ಳಿ. ಅದೇ ದಿನ ಜೋಡಿ ಇಲ್ಲದೆ ಕೆರೆಯನ್ನೋ ಬಂಡೆಗಳನ್ನೋ ನಿಮಗಾಗಿ ತೆಗೆದಿದ್ದರೆ, ಅವನ್ನು ನಿಸ್ಸಂಕೋಚವಾಗಿ ಹಂಚಿಕೊಳ್ಳಬಹುದು.