ಟರ್ಬೈನ್‌ಗಿಂತ ಮೊದಲು ನೀರು

ಪ್ರಿಯರೇ,

ಜಲವಿದ್ಯುತ್ ಯೋಜನೆಗೆ ಟರ್ಬೈನ್ ಆರಿಸುವ ಬಗ್ಗೆ ಮಳವಳ್ಳಿಯಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅಚ್ಚಿಗೆ ಹಾಕಲಾರೆ. ಹಾಗಂತ ಕೈಬಿಡುವಂಥದ್ದೂ ಅಲ್ಲ.

ಪೆಲ್ಟನ್, ಫ್ರಾನ್ಸಿಸ್, ಕಪ್ಲಾನ್ ಎಂಬ ಮೂರು ಬಗೆಯ ಟರ್ಬೈನ್‌ಗೂ ಪರೀಕ್ಷೆ ನಡೆಸಿದವರ ಹಾಗೆ, ದಕ್ಷತೆಯ ಅಂಕಿ ನೋಡಿ ಪೆಲ್ಟನ್‌ಗೆ ಮೊದಲ ರ‍್ಯಾಂಕ್ ಕೊಟ್ಟಿದ್ದೀರಿ. ಆಮೇಲೆ ಅದನ್ನೇ ನಾಲೆಯ ಮೇಲಿನ 5 ಮೀಟರ್ ಹೆಡ್‌ನ (ಅಂದರೆ ನೀರು ಬೀಳುವ ಎತ್ತರದ) ಕಿರು ಘಟಕಕ್ಕೂ ಸೂಚಿಸಿದ್ದೀರಿ. ನೀರು ಸೆಕೆಂಡಿಗೆ 20 ಘನ ಮೀಟರ್ ಎಂದು ಬರೆದವರೂ ನೀವೇ. (ಕ್ಯೂಸೆಕ್‌ನಲ್ಲಿ ಹೇಳಿ, ಸುಮಾರು 700. ಕನ್ನಂಬಾಡಿಯ ಒಳಹರಿವನ್ನು ಬೆಳಗಿನ ಕಾಫಿ ಜೊತೆ ಓದುವವರು ನಮ್ಮ ಓದುಗರು.) ಲೆಕ್ಕ ಹಾಕಿ ನೋಡಿದಿರಾ? 5 ಮೀಟರಿನಿಂದ ಬಿದ್ದ ನೀರಿನ ವೇಗ ಸೆಕೆಂಡಿಗೆ 10 ಮೀಟರನ್ನೂ ಮುಟ್ಟುವುದಿಲ್ಲ. ಪೆಲ್ಟನ್ ಚಕ್ರವನ್ನು ತಿರುಗಿಸುವುದು ನಳಿಕೆಯಿಂದ ಚಿಮ್ಮುವ ಧಾರೆ; ಅಷ್ಟೂ ನೀರು ಒಂದೇ ನಳಿಕೆಯಿಂದ ಚಿಮ್ಮಬೇಕಾದರೆ ಧಾರೆಯ ದಪ್ಪವೇ 1.6 ಮೀಟರ್, ಹೆಚ್ಚುಕಡಿಮೆ ಒಂದಾಳೆತ್ತರ! ಆರು ನಳಿಕೆಗೆ ಹಂಚಿದರೂ ಚಕ್ರದ ವ್ಯಾಸ 6 ಮೀಟರ್ ದಾಟುತ್ತದೆ. ನೀರು ಬೀಳುವುದೇ 5 ಮೀಟರ್. ಪೆಲ್ಟನ್ ಏನಿದ್ದರೂ ಶರಾವತಿ ವಿದ್ಯುದಾಗಾರದಂಥ, ನೂರಾರು ಮೀಟರ್ ಹೆಡ್ ಇರುವ ಜಾಗಕ್ಕೆ. ನಿಮ್ಮ ನಾಲೆಗೆ ಹಡಗಿನ ಪ್ರೊಪೆಲ್ಲರ್‌ನಂಥ ಅಲಗುಗಳಿರುವ ಕಪ್ಲಾನ್ ಜಾತಿಯದ್ದೇ ಸರಿ, ಶೇ. 85 ದಕ್ಷತೆ ಹಿಡಿದರೆ 830 ಕಿಲೋವ್ಯಾಟ್ ಆಸುಪಾಸು ಸಿಕ್ಕೀತು.

ಸಿಕ್ಕೀತು ಅಂದೆ, ಯಾಕೆಂದರೆ ಆರನೇ ಪುಟದ ಮೂಲೆಯಲ್ಲಿ ನೀವು ಬಚ್ಚಿಟ್ಟ, ನಾಲೆಯ ನೀರು ಬಿಡುವ ನೀರುಗಂಟಿಯ ಮಾತು ನನ್ನನ್ನು ಬಿಡುತ್ತಿಲ್ಲ: "ಮಿಷನ್ ಯಾವ್ದಾದ್ರೂ ಇಡಿ ಸ್ವಾಮಿ, ಕಟ್ಟು ನೀರಲ್ಲಿ ಏನ್ ತಿರುಗಿಸ್ತೀರಿ?" ಕಟ್ಟು ನೀರು ಅಂದರೆ ಸರದಿ ಪ್ರಕಾರ ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸುವ ನೀರು. ಇಡೀ ಲೇಖನದ ಜೀವ ಅಲ್ಲಿದೆ. ನಾಲೆ ತುಂಬಿ ಹರಿಯುವುದು ಎಷ್ಟು ದಿನ, ಅರ್ಧ ಹರಿಯುವುದು ಎಷ್ಟು ದಿನ, ತೂಬು ಮುಚ್ಚಿರುವುದು ಎಷ್ಟು ದಿನ? ಅಲಗಿನ ಓರೆ ಬದಲಾಗದ ಪ್ರೊಪೆಲ್ಲರ್ ಟರ್ಬೈನ್ ಅಗ್ಗ, ಆದರೆ ಅರ್ಧ ನೀರಿಗೆ ಸೋಲುತ್ತದೆ. ಕಪ್ಲಾನ್ ಅಲಗಿನ ಓರೆ ಬದಲಿಸಿಕೊಂಡು ಸುಧಾರಿಸುತ್ತದೆ, ದುಡ್ಡು ಮಾತ್ರ ಜಾಸ್ತಿ. ಒಂದು ದೊಡ್ಡದರ ಬದಲು ಎರಡು ಚಿಕ್ಕವು ಇಟ್ಟರೆ? ಇದನ್ನು ನೀವು ಕೇಳಿಕೊಂಡೇ ಇಲ್ಲ.

ಶಿವನಸಮುದ್ರದ ಚರಿತ್ರೆಯೂ ತಪ್ಪಿದೆ. 1902ರಲ್ಲಿ ಅಲ್ಲಿನ ವಿದ್ಯುತ್ ಮೊದಲು ಹೋದದ್ದು ಮೈಸೂರಿಗಲ್ಲ, ಕೋಲಾರದ ಚಿನ್ನದ ಗಣಿಗೆ. ಅಲ್ಲೂ ಕಾಡಿದ್ದು ನೀರು ಬೀಳುವ ಎತ್ತರವಲ್ಲ, ಬೇಸಿಗೆಯಲ್ಲಿ ಸೊರಗುವ ಕಾವೇರಿ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದರ ಹಿಂದೆ ಈ ಕಾರಣವೂ ಇತ್ತು. ನಿಮ್ಮೂರಿಗೆ ಇಷ್ಟು ಹತ್ತಿರದ ಕಥೆ, ಎರಡೇ ಸಾಲಲ್ಲಿ ಮುಗಿಸಿದ್ದೀರಲ್ಲ!

"ಜಲಚಾಲಿತ ಚಕ್ರಯಂತ್ರ" ಬೇಡ, ಟರ್ಬೈನ್ ಸಾಕು. "ವಿದ್ಯುತ್ ನಾಡಿನ ಜೀವನಾಡಿ" ಎಂಬ ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. ನೀರುಗಂಟಿಯಿಂದ ಶುರುಮಾಡಿ. ನಾಲೆಯ ತಿಂಗಳುವಾರು ಹರಿವಿನ ಲೆಕ್ಕ ನೀರಾವರಿ ಕಚೇರಿಯಲ್ಲಿ ಕೇಳಿ ತಂದು, ಅದರ ಜೊತೆ ಲೇಖನವನ್ನು ಮತ್ತೆ ಕಳಿಸಿ.